ಕ್ರಾಸ್‌ಓವರ್ ಕಿವಿಯಲ್ಲೇ ಕೂರಿಸಬಹುದಾ, ಅಳೆಯಲೇಬೇಕಾ?

ವೀಣೆನಾದ (ಮೈಸೂರು):
ಸ್ಪೀಕರ್ ಕಟ್ಟುತ್ತಿದ್ದೀನಿ: 6.5 ಇಂಚಿನ ವೂಫರ್ (ತಗ್ಗಿದ ದನಿಗೆ), 1 ಇಂಚಿನ ಸಿಲ್ಕ್ ಡೋಮ್ ಟ್ವೀಟರ್ (ಏರಿದ ದನಿಗೆ), ಮುಚ್ಚಿದ ಪೆಟ್ಟಿಗೆ, ಮುಂದಿನ ಹಲಗೆ 22 ಸೆಂ.ಮೀ. ಅಗಲ. ಕಂಪನಿಯ ಗ್ರಾಫ್‌ಗಳನ್ನೇ ಸ್ಪೀಕರ್ ವಿನ್ಯಾಸದ ಸಾಫ್ಟ್‌ವೇರ್ ವಿಟುಯಿಕ್ಸ್‌ಕ್ಯಾಡ್‌ಗೆ ಹಾಕಿ 2.5 ಕಿಲೋಹರ್ಟ್ಸ್‌ಗೆ ಕ್ರಾಸ್‌ಓವರ್ (ದನಿಯನ್ನು ಇವೆರಡಕ್ಕೆ ಹಂಚುವ ಸರ್ಕ್ಯೂಟ್) ಮಾಡಿದೆ. ಪರದೆ ಮೇಲೆ ಗೆರೆ ಸಪಾಟಾಗಿದೆ. ಆದರೆ ವೀಣೆ ತೆಳ್ಳಗೆ ಕೇಳುತ್ತೆ, ಹೆಣ್ಣು ದನಿ ಚುಚ್ಚುತ್ತೆ. ಕೆಪಾಸಿಟರ್ ಬದಲಿಸಿ ನೋಡಿದರೆ ಒಂದು ಹಾಡಿಗೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಲ್ಲ. ಸಿಮ್ಯುಲೇಶನ್ ಬಿಟ್ಟು ಕಿವಿಯನ್ನೇ ನಂಬಲಾ?

ತಾಮ್ರದತಂತಿ:
ಸಿಮ್ಯುಲೇಶನ್ ತಪ್ಪಿಲ್ಲ ಸಾರ್, ಅದಕ್ಕೆ ಕೊಟ್ಟ ಗ್ರಾಫ್ ನಿಮ್ಮ ಪೆಟ್ಟಿಗೆಯದಲ್ಲ. ಕಂಪನಿಯವರು ಸಾಮಾನ್ಯವಾಗಿ ದೊಡ್ಡ ಹಲಗೆಗೆ ಕೂರಿಸಿ ಅಳೆದಿರ್ತಾರೆ. 22 ಸೆಂ.ಮೀ. ಹಲಗೆಯಲ್ಲಿ 520 ಹರ್ಟ್ಸ್ ಆಸುಪಾಸಿನಿಂದ ಕೆಳಕ್ಕೆ ದನಿ ಪೆಟ್ಟಿಗೆಯ ಹಿಂದಕ್ಕೂ ಹರಡಿ, ಎದುರಿಗೆ 6 ಡಿಬಿವರೆಗೆ ನಷ್ಟ ಆಗುತ್ತೆ. ವೀಣೆ ತೆಳ್ಳಗಾಗಿರೋದು ಇದಕ್ಕೇ. ಟ್ವೀಟರ್ ಕೆಪಾಸಿಟರ್ ಎಷ್ಟು ಬದಲಿಸಿದರೂ ಇದು ತುಂಬಲ್ಲ. ಕ್ರಾಸ್‌ಓವರ್‌ನಲ್ಲಿ ವೂಫರ್‌ಗೆ ಹಾಕಿದ ಕಾಯಿಲ್ ದೊಡ್ಡದಾಗಬೇಕು, ಟ್ವೀಟರ್ ಅದಕ್ಕೆ ತಕ್ಕಂತೆ ತಗ್ಗಬೇಕು.

ಇನ್ನೊಂದು: ವೂಫರ್ ದನಿ ಹೊರಡುವ ಜಾಗ ಟ್ವೀಟರ್‌ಗಿಂತ 2.5 ಸೆಂ.ಮೀ. ಹಿಂದಿದ್ದರೂ 2.5 ಕಿಲೋಹರ್ಟ್ಸ್‌ನಲ್ಲಿ ಸುಮಾರು 65 ಡಿಗ್ರಿ ಫೇಸ್ ವ್ಯತ್ಯಾಸ, ಅಂದರೆ ಎರಡರ ಅಲೆಗಳು ಅಷ್ಟು ಹಿಂದುಮುಂದಾಗುತ್ತವೆ. ಅದು ಗ್ರಾಫಿನಲ್ಲಿ ಇರಲ್ಲ.

ಆರ್‌ಇಡಬ್ಲ್ಯೂ (ದನಿ ಅಳೆಯುವ ಸಾಫ್ಟ್‌ವೇರ್) ಮತ್ತು ಕ್ಯಾಲಿಬ್ರೇಶನ್ ಫೈಲ್ (ಮೈಕಿನ ತಪ್ಪು ತಿದ್ದುವ ಫೈಲ್) ಇರುವ ಮೈಕ್ ಸಾಕು. ಮೈಕನ್ನು ಟ್ವೀಟರ್ ಎತ್ತರಕ್ಕೆ, 1 ಮೀ. ದೂರಕ್ಕಿಡಿ. ವೂಫರ್ ಮಾತ್ರ, ಟ್ವೀಟರ್ ಮಾತ್ರ, ಎರಡೂ ಒಟ್ಟಿಗೆ ಅಂತ ಮೂರು ಸಲ ಅಳೆಯಿರಿ. ನಡುವೆ ಮೈಕ್ ಅಲುಗಲೇಬಾರದು. ಟ್ವೀಟರ್ ನೆಲದಿಂದ 1.2 ಮೀ. ಮೇಲಿದ್ದರೆ ನೆಲದ ಪ್ರತಿಧ್ವನಿ 4.6 ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಅದು ಬರುವಷ್ಟರೊಳಗೆ ಅಳತೆಯನ್ನು ಕತ್ತರಿಸಿದರೆ ಸುಮಾರು 220 ಹರ್ಟ್ಸ್‌ಗಿಂತ ಕೆಳಗಿನದನ್ನು ನಂಬಬೇಡಿ. ಬಾಸ್‌ಗೆ ಮೈಕನ್ನು ವೂಫರ್ ಕೋನಿನ ನಡುವೆ, ಅರ್ಧ ಸೆಂ.ಮೀ. ಅಂತರಕ್ಕೆ ತನ್ನಿ. ಅದಕ್ಕೆ ಹಲಗೆಯ ಪರಿಣಾಮ ಸೇರಿಸದೆ 1 ಮೀ. ಅಳತೆಗೆ ಅಂಟಿಸಿದರೆ ಬಾಸ್ ಇಲ್ಲದ್ದು ಇದ್ದಂತೆ ಕಾಣುತ್ತೆ; ತುಂಬ ಜನ ಎಡವೋದು ಇಲ್ಲೇ. ವೂಫರ್, ಟ್ವೀಟರ್‌ಗಳ ಇಂಪೀಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ತಡೆ) ಕೂಡ ಪೆಟ್ಟಿಗೆಯಲ್ಲಿ ಕೂತ ಮೇಲೆ ಅಳೆಯಿರಿ. ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್ ಸಿಮ್ಯುಲೇಶನ್‌ಗೆ ಸೇರಿಸೋದು ಮರೀಬೇಡಿ.

ಮಂಡ್ಯಬಯಲು:
ಹಳ್ಳಿ ಕಡೆ ಗಟ್ಟಿ ಕಣ ಸಿಕ್ಕರೆ ಅಂಟಿಸೋ ರಗಳೆಯೇ ಬೇಡ ಗುರು. ಪೆಟ್ಟಿಗೆ ನೆಲದ ಮೇಲೆ, ಮೈಕ್ 2 ಮೀ. ದೂರದಲ್ಲಿ ನೆಲಕ್ಕೆ ತಾಗಿದಂತೆ. ನೇರ ದನಿ, ನೆಲದ ದನಿ ಒಟ್ಟಿಗೇ ಬರೋದರಿಂದ 6 ಡಿಬಿ ಜಾಸ್ತಿ ಓದುತ್ತೆ, ಅದನ್ನು ಕಳೆಯಿರಿ. ಗೋಡೆ, ಗಾಡಿ ಹತ್ತಿರ ಇರಬಾರದು. ಗಾಳಿ ಏಳೋ ಮುಂಚೆ, ಬೆಳ್ಳಂಬೆಳಗ್ಗೆ ಮಾಡಿ. ಕಬ್ಬಿನ ಸೋಗೆ ಸದ್ದು ಕೂಡ ಮೈಕ್‌ಗೆ ಬೀಳುತ್ತೆ.

ಕೆಂಪುಗಾರೆ:
ಚುಚ್ಚೋ ದನಿಗೆ ಎದುರಿನ ಗೆರೆ ಮಾತ್ರ ನೋಡಿದರೆ ಉತ್ತರ ಸಿಗಲ್ಲ. 6.5 ಇಂಚಿನ ಕೋನ್ 2 ಕಿಲೋಹರ್ಟ್ಸ್ ದಾಟಿದ ಮೇಲೆ ದನಿಯನ್ನು ಮುಂದಕ್ಕೇ ಕಟ್ಟಿಹಾಕುತ್ತೆ, ಅಲ್ಲೇ ಟ್ವೀಟರ್ ಅಗಲಕ್ಕೆ ಚೆಲ್ಲುತ್ತೆ. ಗಾರೆ ನೆಲ, ಬೋಳು ಗೋಡೆಯ ಮನೆಯಲ್ಲಿ ಆ ಚೆಲ್ಲಿದ್ದೆಲ್ಲ ಕಿವಿಗೆ ವಾಪಸ್. ಪೆಟ್ಟಿಗೆ ಪಕ್ಕಕ್ಕೆ ತಿರುಗಿಸುತ್ತಾ 0ಯಿಂದ 90 ಡಿಗ್ರಿವರೆಗೆ 10 ಡಿಗ್ರಿಗೊಂದು ಅಳತೆ ತೆಗೀರಿ. ಟ್ವೀಟರ್ ಎಫ್ಎಸ್ (ಅದರ ಸಹಜ ಅನುರಣನ ಆವರ್ತನ) 900 ಹರ್ಟ್ಸ್ ಒಳಗಿದ್ದರೆ ಕ್ರಾಸ್‌ಓವರ್ 2 ಕಿಲೋಹರ್ಟ್ಸ್‌ಗೆ ಇಳಿಸಿ, ನಾಲ್ಕನೇ ಆರ್ಡರ್ ಇಳಿಜಾರು (ಆಕ್ಟೇವ್‌ಗೆ 24 ಡಿಬಿ) ಕೊಡಿ.

ಕಿವಿಯ ಕೆಲಸ ಆಮೇಲೆ. ಒಂದೇ ಪೆಟ್ಟಿಗೆ, ಮೋನೊ. ಟ್ವೀಟರ್‌ನ ಸೀರೀಸ್ ರೆಸಿಸ್ಟರ್ ಅರ್ಧ ಓಮ್‌ನಂತೆ ಬದಲಿಸಿ, ಸುಮಾರು ಅರ್ಧ ಡಿಬಿ ಏರಿಳಿಯುತ್ತೆ. ಪ್ರತಿ ಸಲ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಭೋರ್ಗರೆತದಂಥ ಸದ್ದು) ಹಾಕಿ ಸದ್ದು ಸಮ ಮಾಡಿ. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಮತ್ತು ನಾದ ಬೇರೆ ಬೇರೆ ಕಡೆಯಿಂದ ಬಂದಂತಿರಬಾರದು.

ವೀಣೆನಾದ:
ಟ್ವೀಟರ್ ಪೋಲಾರಿಟಿ ತಿರುಗಿಸಿ (ಪ್ಲಸ್, ಮೈನಸ್ ತಂತಿ ಅದಲುಬದಲು ಮಾಡಿ) ಅಳೆದೆ. 2.5ರಲ್ಲಿ 4 ಡಿಬಿ ಗುಂಡಿ ಮಾತ್ರ.

ತಾಮ್ರದತಂತಿ:
ಹಾಗಾದರೆ ಫೇಸ್ ಕೂಡಿಲ್ಲ. ಕೂಡಿದ್ದರೆ 20 ಡಿಬಿಗಿಂತ ಆಳದ ಗುಂಡಿ ಬೀಳಬೇಕು. ಹೊಸ ಕಾಯಿಲ್ ಕೊಳ್ಳಬೇಡಿ, ಮೊದಲು ಆ ಮೂರು ಅಳತೆ ಹಾಕಿ.