ಗಿಟಾರಿಗೆ ಜಾಗ ಎಲ್ಲಿ?

ಗಿರಿ: ಫಿನ್‌ಲ್ಯಾಂಡಿನ ಮೆಟಲ್ ಬ್ಯಾಂಡ್ ನೈಟ್‌ವಿಶ್ ಅಂದ್ರೆ ಸಾಕು, ಎಲ್ರೂ ಗಾಯಕಿಯರ ಪಟ್ಟಿ ಒಪ್ಪಿಸ್ತೀರ. ತಾರ್ಯಾ, ಅನೆಟ್, ಫ್ಲೋರ್. ಸೌಂಡ್ ತಿರುಗಿದ್ದು ಗಾಯಕಿ ಬದಲಾಗೋಕೂ ಮೊದ್ಲೇ ಕಣ್ರೋ, 2002ರಲ್ಲಿ.

ವನಜ: ‘ಸೆಂಚುರಿ ಚೈಲ್ಡ್’ ಆಲ್ಬಮ್ ತಾನೆ? ದೊಡ್ಡ ಆರ್ಕೆಸ್ಟ್ರಾ ಬಂದಿದ್ದು ಅದ್ರಲ್ಲೇ. 1998ರ ‘ಓಷನ್‌ಬಾರ್ನ್’ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಹಾಡು ಕಟ್ಟೋ ತುವೊಮಸ್‌ನ ಕೀಬೋರ್ಡೇ.

ಸೀನ: ಒಳ್ಳೇದಾಯ್ತಲ್ಲ. ನಕಲಿ ಹೋಯ್ತು, ಅಸಲಿ ಬಂತು.

ಗಿರಿ: ಅಸಲಿಗೇ ತಕರಾರು ಜಾಸ್ತಿ. ಡಿಸ್ಟಾರ್ಶನ್ ಹಾಕಿದ, ಅಂದ್ರೆ ಬೇಕಂತ್ಲೇ ಗೊರಗೊರ ಅನ್ನಿಸಿದ ಗಿಟಾರು, ತಗ್ಗಿನ 100 ಹರ್ಟ್ಜ್‌ನಿಂದ ಮೇಲಿನ 5,000ದವರೆಗೂ ಕಾಲು ಚಾಚ್ಕೊಂಡು ಮಲಗತ್ತೆ. ಚೆಲ್ಲೋ, ವಯೋಲಾ ಕೂರ್ಬೇಕಾದ್ದೂ ಅಲ್ಲೇ. ಕೆಳಗೆ 60ರಿಂದ 120ರೊಳಗೆ ಬೇಸ್ ಗಿಟಾರು, ಕಿಕ್ ಡ್ರಮ್ಮು, ಡಬಲ್ ಬೇಸು, ಮೂವರೂ ಒಂದೇ ಬೆಂಚು.

ಸೀನ: ಆರ್ಕೆಸ್ಟ್ರಾ ಜೋರು ಮಾಡಿದ್ರಾಯ್ತಪ್ಪ!

ವನಜ: ಹಾಗೆ ಮಾಡಿದ್ರೆ ಬರೀ ಗೋಜಲು, ಪಿಟೀಲೂ ಇಲ್ಲ, ಗಿಟಾರೂ ಇಲ್ಲ. ಜಾಗವನ್ನ ಸ್ವರ ಬರೆಯುವಾಗ್ಲೇ ಹಂಚ್ಬೇಕು. ವಯೊಲಿನ್ ಒಂದು ಆಕ್ಟೇವ್ ಮೇಲೆ. ಹಿತ್ತಾಳೆ ವಾದ್ಯಗಳು ರಿಫ್‌ನ, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕಿನ, ಒತ್ತಿನ ಮೇಲಷ್ಟೇ. ಚೆಲ್ಲೋ ಗಿಟಾರಿನ ಜೊತೆ ಅದೇ ಸ್ವರ ನುಡಿಸ್ಲಿ, ಇಲ್ಲಾಂದ್ರೆ ಸುಮ್ನಿರ್ಲಿ. ಎಲ್ಲಾ ಸೇರಿಸಿ ಮಿಕ್ಸ್ ಮಾಡೋವಾಗ ಆರ್ಕೆಸ್ಟ್ರಾದ ತಗ್ಗು ಸದ್ದು ಕತ್ತರಿಸ್ಬೇಕು. 2004ರ ‘ಒನ್ಸ್’ನಲ್ಲಿ ಪಿಪ್ ವಿಲಿಯಮ್ಸ್ ಲಂಡನ್ ವಾದ್ಯಗಾರರಿಗೆ ಬರೆದುಕೊಟ್ಟಿದ್ದನ್ನ ಕೇಳು, ಹಂಚಿಕೆ ಗೊತ್ತಾಗತ್ತೆ.

ಗಿರಿ: ಅಲ್ಲಿಂದಾಚೆ ಗಿಟಾರಿಸ್ಟ್ ಎಂಪು ಕಥೆ ಮದುವೆ ಮನೆಯ ಹೆಣ್ಣಿನಪ್ಪನದು. ದುಡಿಮೆಯೆಲ್ಲ ಅವನದು, ಫೋಟೋದಲ್ಲಿ ಮಾತ್ರ ಮೂಲೆ. ‘ಓಷನ್‌ಬಾರ್ನ್’ನಲ್ಲಿ ಕೀಬೋರ್ಡ್ ಜೊತೆ ಓಟದ ಪಂದ್ಯ ಕಟ್ತಿದ್ದ ಬೆರಳು, ಪಾಪ, ಈಗ ನಾಲ್ಕು ಸ್ವರ ಒತ್ತಿ ಹಿಡಿದು ಕಾಯ್ತಿರತ್ತೆ.

ಸೀನ: ಅಂದ್ರೆ ಗಾಯಕಿಯಿಂದ ಏನೂ ಬದಲಾಗ್ಲಿಲ್ವಾ?

ವನಜ: ಆಗದೆ ಏನು? ತಾರ್ಯಾದು ಒಪೆರಾ ಗಂಟಲು. ಅಂಥ ಗಂಟಲಿಗೆ 3,000 ಹರ್ಟ್ಜ್ ಆಸುಪಾಸಲ್ಲಿ ಒಂದು ಮೊನೆ ಇರತ್ತೆ, ಗದ್ದಲ ಸೀಳ್ಕೊಂಡು ಹೊರಗೆ ಬರತ್ತೆ. ಆದ್ರೆ ತೀರಾ ಮೇಲಕ್ಕೆ ಹೋದಾಗ ಇ, ಉ ಎಲ್ಲಾ ‘ಆ’ ಆಗ್ಬಿಡತ್ತೆ.

ಸೀನ: ಸಾಹಿತ್ಯ ಮರೆತವರಿಗೆ ಅನುಕೂಲ.

ವನಜ: ಅನೆಟ್‌ದು ಪಾಪ್ ಗಂಟಲು. ಮಾತು ಸ್ಪಷ್ಟ, ಸೀಳೋ ಬಲ ಕಮ್ಮಿ. ಅದಕ್ಕೇ 2007ರ ‘ಡಾರ್ಕ್ ಪ್ಯಾಶನ್ ಪ್ಲೇ’ನಲ್ಲಿ ಅವಳು ಹಾಡೋವಾಗ ವಾದ್ಯ ತೆಳು, ಅವಳು ನಿಲ್ಲಿಸಿದ ತಕ್ಷಣ ಕೋರಸ್ಸು, ಹಿತ್ತಾಳೆ ಎಲ್ಲಾ ಒಟ್ಟಿಗೆ ನುಗ್ಗತ್ತೆ. ಮೊದಲ ಹಾಡೇ 14 ನಿಮಿಷದ ಹತ್ರ.

ಗಿರಿ: ಫ್ಲೋರ್ ಎರಡೂ ಥರ ಹಾಡ್ತಾಳೆ, ಗುಡುಗ್ತಾಳೆ ಬೇರೆ. ಆದ್ರೂ 2015ರ ಆಲ್ಬಮ್‌ನಲ್ಲಿ ಅವಳನ್ನ ಕಟ್ಟಿ ಕೂರಿಸಿದಾರೆ, ಅದು ನನ್ನ ದೂರು. 24 ನಿಮಿಷದ ಹಾಡಲ್ಲಿ ಜೀವವಿಜ್ಞಾನಿ ಡಾಕಿನ್ಸ್ ಪ್ರವಚನಕ್ಕೆ ಜಾಗ ಇದೆ, ಅವಳಿಗೆ ಮಾತ್ರ ಅಳೆದೂ ತೂಗಿ.

ಸೀನ: ವೇದಿಕೆ ಮೇಲೆ ಅಷ್ಟೂ ಆರ್ಕೆಸ್ಟ್ರಾ ಎಲ್ಲಿಂದ ತರ್ತಾರೆ?

ವನಜ: ರೆಕಾರ್ಡ್ ಮಾಡಿದ್ದು. ಡ್ರಮ್ಮರ್ ಕಿವೀಲಿ ಟಕ್ ಟಕ್ ಅಂತ ತಾಳ ತೋರ್ಸೋ ಕ್ಲಿಕ್. ಜನ ಕುಣಿತಾರೆ ಅಂತ ಲಯ ಎಳೆಯೋ ಹಾಗಿಲ್ಲ. ಒಂದು ಬೀಟ್ ತಪ್ಪಿದ್ರೆ ಕಂಪ್ಯೂಟರಲ್ಲಿ ಕೂತ ಪಿಟೀಲಿನವರು ಯಾರಿಗೂ ಕಾಯಲ್ಲ.

ಗಿರಿ: 2020ರ ಜೋಡಿ ಆಲ್ಬಮ್‌ನಲ್ಲಂತೂ ಎರಡನೇ ಡಿಸ್ಕ್ ಪೂರ್ತಿ ಆರ್ಕೆಸ್ಟ್ರಾನೇ, ಅರ್ಧ ಗಂಟೆ.

ಸೀನ: ಆಗ ಎಂಪು?

ಗಿರಿ: ಸಂಬಳ ಸಹಿತ ರಜೆ.