ಸಂಡೂರು ಗುಡ್ಡಕ್ಕೆ ಕಾರಿಲ್ಲದೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ (ಕೌಲ್‌ಬಜಾರ್, ಬಳ್ಳಾರಿ)

ಹುಟ್ಟಿದಾಗಿನಿಂದ ಬಳ್ಳಾರಿಯಲ್ಲೇ ಇದ್ದೇವೆ, ಆದರೆ ಸಂಡೂರು ಗುಡ್ಡವನ್ನು ಇದುವರೆಗೂ ಸರಿಯಾಗಿ ನೋಡಿಲ್ಲ. ಮದುವೆಗೆ ಅಂತ ಎರಡು ಸಲ ಸಂಡೂರಿಗೆ ಹೋಗಿ ಅದೇ ಸಂಜೆ ವಾಪಸ್ ಬಂದದ್ದಷ್ಟೇ. ಅಮ್ಮನಿಗೆ 68 ವರ್ಷ. ಕುಮಾರಸ್ವಾಮಿ ಗುಡಿಗೆ ಹೋಗಬೇಕು ಅಂತ ಮೂರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಮಂಡಿ ನೋವಿದೆ, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಮ್ಮ ಹತ್ತಿರ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಇಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಹೋಗಿ ಬರಬೇಕು ಅಂದುಕೊಂಡಿದ್ದೇನೆ. ಬಸ್ಸಿನಲ್ಲಿ ಆಗುತ್ತದಾ? ಒಂದೇ ದಿನದಲ್ಲಿ ನಾರಿಹಳ್ಳ ಡ್ಯಾಮ್, ಗುಡ್ಡದ ಮೇಲಿನ ರಾಮಘಡ ಎಲ್ಲ ನೋಡಬಹುದಾ? ಹೋಗಿ ಬಂದವರು ಹೇಳಿ.

ಉತ್ತರ (ತೋರಣಗಲ್ಲು)

ಸ್ಕೂಟರ್ ಮಾತ್ರ ಬೇಡ. ಈ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತವೆ. ಕೆಂಪು ಧೂಳು ಎದ್ದರೆ ಮುಂದಿನ ಗಾಡಿಯೇ ಕಾಣುವುದಿಲ್ಲ, ಮಳೆ ಬಂದರೆ ಅದೇ ಧೂಳು ಕೆಸರಾಗಿ ಚಕ್ರ ಜಾರುತ್ತದೆ. ಎರಡು ವರ್ಷದ ಹಿಂದೆ ನಾನೇ ಒಂದು ತಿರುವಿನಲ್ಲಿ ಬೈಕ್ ಸಮೇತ ಬಿದ್ದು ಕೈ ಮುರಿದುಕೊಂಡಿದ್ದೇನೆ. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಉಳಿದೆ.

ಬಳ್ಳಾರಿಯಿಂದ ಕುಡಿತಿನಿ, ತೋರಣಗಲ್ಲು ದಾಟಿ ಸಂಡೂರಿಗೆ ಸರ್ಕಾರಿ ಬಸ್ ಇದೆ. ಬೆಳಿಗ್ಗೆ ಬೇಗ ಹೊರಡಿ, ಬಲು ತಂಪಾಗಿರುತ್ತದೆ, ಲಾರಿ ಕಾಟವೂ ಕಡಿಮೆ. ತೋರಣಗಲ್ಲಿನವರೆಗೆ ಎಲ್ಲ ಬಯಲು, ಕಾರ್ಖಾನೆ ಚಿಮಣಿಗಳು. ಆಮೇಲೆ ತಾರಾನಗರದ ಹತ್ತಿರ ಬಂದರೆ ನೋಡುತ್ತಿದ್ದ ಹಾಗೇ ಗುಡ್ಡಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ.

ಉತ್ತರ (ಸಂಡೂರಿನವಳು)

ಬಸ್ಸು ಸಂಡೂರಿನವರೆಗೆ ಸಾಕು. ಅಲ್ಲಿಂದ ಮುಂದೆ ಬಸ್ಸು ನಂಬಿಕೊಂಡು ಹೋಗಬೇಡಿ, ವಾಪಸ್ ಬರುವಾಗ ಸಿಗದೇ ಇದ್ದರೆ ಅಮ್ಮನ ಜೊತೆ ಕಾಡಿನಲ್ಲಿ ನಿಂತುಕೊಳ್ಳಬೇಕಾಗುತ್ತದೆ. ಸ್ಟ್ಯಾಂಡಿನ ಹತ್ತಿರವೇ ಆಟೋದವರು ಇರುತ್ತಾರೆ. ಗುಡಿ, ಹರಿಶಂಕರ ತೀರ್ಥ ಎರಡೂ ತೋರಿಸಿ, ಕಾದು, ವಾಪಸ್ ಬಿಡುವುದಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಗುಡಿಯ ಹತ್ತಿರದವರೆಗೂ ರಸ್ತೆ ಇದೆ, ಅಮ್ಮನ ಮಂಡಿಗೆ ದೊಡ್ಡ ಕಷ್ಟ ಆಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಮಾರಸ್ವಾಮಿ ತಾಯಿಯ ಮೇಲೆ ಮುನಿಸಿಕೊಂಡು ಹೆಂಗಸರ ಮುಖ ನೋಡುವುದಿಲ್ಲ ಅಂತ ಇಲ್ಲಿ ಬಂದು ನೆಲೆಸಿದ ಅನ್ನುವ ಕಥೆ ಇದೆ. ಅದಕ್ಕೇ ಆ ಗುಡಿಯೊಳಗೆ ಹೆಂಗಸರು ಹೋಗುವುದಿಲ್ಲ ಅನ್ನುವ ಪದ್ಧತಿ ಹಿಂದಿನಿಂದ ಬಂದಿದೆ. ನನಗೆ ಇದು ಸರಿ ಅನಿಸಿಯೇ ಇಲ್ಲ, ಚಿಕ್ಕವಳಿದ್ದಾಗ ಅಪ್ಪ, ಅಣ್ಣ ಒಳಗೆ ಹೋದಾಗ ನಾನು ಹೊರಗೆ ನಿಂತು ಅತ್ತದ್ದು ಇನ್ನೂ ನೆನಪಿದೆ. ಅಷ್ಟು ದೂರ ಬಂದ ಮೇಲೆ ಅಮ್ಮ ನೊಂದುಕೊಳ್ಳಬಾರದು ಅಲ್ವಾ? ಮನೆಯಲ್ಲೇ ಹೇಳಿ ಕರೆದುಕೊಂಡು ಬನ್ನಿ. ಅಲ್ಲೇ ಪಾರ್ವತಿ ಗುಡಿ ಇದೆ. ಅದು ಬಾದಾಮಿ ಚಾಲುಕ್ಯರ ಕಾಲದ್ದು, ತುಂಬಾ ಹಳೆಯದು. ಅಲ್ಲಿ ಸಮಾಧಾನವಾಗಿ ಕೂರಲಿ.

ಹರಿಶಂಕರದಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದೆ. ಮರದ ನೆರಳಿದೆ. ನಾನಾದರೆ ಊಟ ಅಲ್ಲೇ ಮಾಡುತ್ತೇನೆ. ಬುತ್ತಿ ತನ್ನಿ, ಆದರೆ ಕೋತಿಗಳಿಂದ ಜೋಪಾನ.

ಉತ್ತರ (ಹೊಸಪೇಟೆ)

ರಾಮಘಡವನ್ನು ಈ ಸಲ ಬಿಡಿ. ಚೆನ್ನಾಗಿಲ್ಲ ಅಂತ ಅಲ್ಲ, ಅದಕ್ಕೇ ಬೇರೆ ಒಂದು ದಿನ ಬೇಕು. ಸುಮಾರು 3 ಸಾವಿರ ಅಡಿ ಎತ್ತರದ ಜಾಗ. ನಿಮ್ಮ ಬಳ್ಳಾರಿ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರು ಕಾಯಿಲೆ ಬಿದ್ದರೆ ಸುಧಾರಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದರು. ಬಳ್ಳಾರಿ ಬಿಸಿಲಿಗೆ ಅದೇ ಔಷಧಿ ಆಗಿತ್ತು ಅನಿಸುತ್ತದೆ.

ಸೆಪ್ಟೆಂಬರ್ ಒಳ್ಳೆಯ ತಿಂಗಳು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಿ ಅಂತ ಅವರೇ ಹೇಳಿದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಗಣಿಗಾರಿಕೆ ಜೋರಾಗಿದ್ದ ವರ್ಷಗಳಲ್ಲಿ ಎಲೆಗಳ ಮೇಲೂ ಕೆಂಪು ಧೂಳು ಕೂತು ಮಳೆಗಾಲದಲ್ಲೂ ಹಸಿರು ಕಾಣುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಗುಡ್ಡ ಉಸಿರು ಬಿಟ್ಟಂತಾಯಿತು. ಆಮೇಲೆ ಗಣಿಗಳು ಮತ್ತೆ ಶುರುವಾದವು. ಆದರೂ ಉಳಿದಿರುವ ಕಾಡು ಇನ್ನೂ ಕಣ್ಣು ತುಂಬುವಷ್ಟಿದೆ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಈಗಲೇ ನೋಡಲಿ.

ಕತ್ತಲಾಗುವ ಮುಂಚೆ ಗುಡ್ಡ ಇಳಿಯಿರಿ. ಕರಡಿ, ಚಿರತೆ ಇರುವ ಕಾಡು ಅದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಡಿಯ ವಿಷಯ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ತಾಯಿ ಗುಡಿ ಇದೆಯಲ್ಲ, ನಾನು ಅಲ್ಲೇ ಕೂರುತ್ತೇನೆ" ಅಂದರು. ರಾಮಘಡ ಬಿಟ್ಟೆ. ನಾರಿಹಳ್ಳ ಡ್ಯಾಮಿಗೆ ಬಸ್ಸಿನಿಂದ ತಾರಾನಗರದಲ್ಲೇ ಇಳಿಯಬೇಕಾ, ಸಂಡೂರಿನಿಂದ ಆಟೋದಲ್ಲಿ ವಾಪಸ್ ಬರುವುದು ಒಳ್ಳೆಯದಾ?

ಉತ್ತರ (ಸಂಡೂರಿನವಳು)

ಆಟೋದಲ್ಲೇ ಬನ್ನಿ. ತಾರಾನಗರದಲ್ಲಿ ಇಳಿದರೆ ಅಮ್ಮ ನಡೆಯಬೇಕಾಗುತ್ತದೆ. ಸಂಜೆ ನಾಲ್ಕಕ್ಕೆ ಬಂದರೆ ನೀರಿನ ಮೇಲೆ ಗುಡ್ಡದ ನೆರಳು ಬಿದ್ದಿರುತ್ತದೆ.