ಅತಿವೇಗದ ಚಲನ್: ಓಡಿಸಿದ್ದು ನಾನಲ್ಲ, ನೋಟಿಸು ನನಗೆ

ಪ್ರಶ್ನೆ (ಬದಿಯಡ್ಕ): ಕುಂಬಳೆಯಿಂದ ಉಪ್ಪಳಕ್ಕೆ ಹೋಗುವ ಹೆದ್ದಾರಿಯಲ್ಲಿ ನನ್ನ ಕಾರು ಮಿತಿಮೀರಿದ ವೇಗದಲ್ಲಿತ್ತೆಂದು ಚಲನ್ ಬಂದಿದೆ. ನೋಟಿಸು ಮಲಯಾಳದಲ್ಲಿದ್ದುದರಿಂದ ನೆರೆಮನೆಯ ಮಾಸ್ತರರಿಂದ ಓದಿಸಿಕೊಂಡೆ. ಅಂದು ಕಾರು ಓಡಿಸಿದವನು ತಂಗಿಯ ಮಗ. ದಂಡ ಕಟ್ಟಿದರೆ ತಪ್ಪು ನನ್ನ ತಲೆಗೆ ಬರುವುದೇ? ಕಟ್ಟದೆ ಬಿಟ್ಟರೆ?

ಉತ್ತರ (ಮಂಜೇಶ್ವರ): ಮೊದಲು ಪರಿವಾಹನದ ಇ-ಚಲನ್ ಜಾಲತಾಣದಲ್ಲಿ ಚಿತ್ರ ನೋಡಿರಿ. ನನಗೊಮ್ಮೆ ಬಂದ ಚಲನ್‌ನಲ್ಲಿ ಇದ್ದುದು ಯಾರದೋ ಸ್ಕೂಟರು. ಫಲಕದ 3 ಅನ್ನು 8 ಎಂದು ಓದಿದ್ದರು! ಆಕ್ಷೇಪ ಸಲ್ಲಿಸಿದ ಮೇಲೆ ಅದು ರದ್ದಾಯಿತು.

ಉತ್ತರ (ಕಾಸರಗೋಡು, ವಕೀಲ): 1988ರ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ನಿನಂತೆ, 2019ರ ತಿದ್ದುಪಡಿಯ ನಂತರ, ಲಘು ವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿವರೆಗೆ ದಂಡವಿದೆ; ತಪ್ಪು ಮರುಕಳಿಸಿದರೆ ಚಾಲಕನ ಲೈಸೆನ್ಸನ್ನೇ ವಶಪಡಿಸಿಕೊಳ್ಳಬಹುದು. ಆದುದರಿಂದ ದಂಡದ ಮೊತ್ತಕ್ಕಿಂತ ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂಬುದೇ ಮುಖ್ಯ. ಕೇಳಿದಾಗ ಚಾಲಕನ ಹೆಸರು, ವಿಳಾಸ ತಿಳಿಸುವುದು 133ನೇ ಸೆಕ್ಷನ್ನಿನಂತೆ ಮಾಲೀಕನ ಕರ್ತವ್ಯವಾಗಿರುವುದರಿಂದ, ಅಳಿಯನ ಲೈಸೆನ್ಸಿನ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಿರಿ. ಸುಮ್ಮನಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗಬಹುದು.

ಪ್ರಶ್ನಿಸಿದವರು: ಚಿತ್ರ ನೋಡಿದೆ, ಕಾರು ನಮ್ಮದೇ. ಅಳಿಯನೂ ಒಪ್ಪಿಕೊಂಡಿದ್ದಾನೆ, ನಾಳೆ ಪತ್ರ ಕೊಡುತ್ತೇವೆ.